ಮಗಳಿಗೊಂದು ಪತ್ರ: ಅಂಕಿತವಿಲ್ಲದ ಹಾಡು

ಆಲ್ದೂರು, ಚಿಕ್ಕಮಗಳೂರು ಜಿಲ್ಲೆ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಬ್ಯಾಂಡಿನ ಮೊದಲ ಸಿಂಗಲ್ ಮುಂದಿನ ತಿಂಗಳು ಹೊರಬರುತ್ತದೆಂದು ತಿಳಿಸಿ, ಹಾಡನ್ನೂ ಅದರ ಮೇಲಿನ ಪ್ರಭಾವಗಳನ್ನು ಕುರಿತ ಒಂದು ಪುಟದ ಟಿಪ್ಪಣಿಯನ್ನೂ ನೀನು ಮೊಬೈಲಿಗೆ ಕಳುಹಿಸಿದ ಮೇಲೆ, ದಿನವೂ ತೋಟದಿಂದ ಬಂದು ಕೈಕಾಲು ತೊಳೆದವನೇ ಅದನ್ನು ಕೇಳುತ್ತಿದ್ದೇನೆ. ನಿನ್ನ ಅಮ್ಮ ಎರಡನೆಯ ಸಲ ಕೇಳುವಾಗಲೇ ಪಲ್ಲವಿಯನ್ನು ಗುನುಗತೊಡಗಿದಳು. ನನ್ನ ಅಭಿಪ್ರಾಯಕ್ಕಿಂತ ಅದೇ ದೊಡ್ಡ ಪ್ರಶಸ್ತಿಯೆಂದು ತಿಳಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಿಮ್ಮ ಡ್ರಮ್ಮಿನ ಹುಡುಗನ ಸಂಯಮ. ತೋಟದ ಕೂಲಿಗಳ ಸಾಲುಮನೆಯಾದ ಲೈನಿನ ಅಜ್ಜಿಯಿಂದ ನೀನು ಕಲಿತ ಆ ರಾಗಿ ಬೀಸುವ ಪದ ತ್ರಿಪದಿ. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಗಣಗಳು, ಮೂರನೆಯದರಲ್ಲಿ ಮೂರೇ. ಬಾದಾಮಿಯಲ್ಲಿರುವ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಕಾಣುವ ಈ ಛಂದಸ್ಸಿನ ಮೂರನೆಯ ಸಾಲು ಅಂದಿನಿಂದಲೂ ಮೋಟೇ. ನಾಲ್ಕು ನಾಲ್ಕಾಗಿ ಎಣಿಸುವ ರಾಕ್ ಸಂಗೀತಕ್ಕೆ ಆ ಮೋಟುಸಾಲು ಕೈಗೆ ಸಿಕ್ಕರೆ ಉಳಿದ ಜಾಗದಲ್ಲಿ ಏನನ್ನಾದರೂ ತುರುಕದೆ ಬಿಡದೆಂದು ನಾನು ಅಂಜಿದ್ದೆ. ನೀವು ಅದನ್ನು ಬರಿದಾಗಿಯೇ ಬಿಟ್ಟಿದ್ದೀರಿ. ನನ್ನ ತಾಯಿ ಬೀಸುತ್ತಿದ್ದಾಗ ಆ ಬಿಡುವಿನಲ್ಲಿಯೇ ಎಡಗೈಯಿಂದ ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕುತ್ತಿದ್ದರು. ಹಾಡು ನಿಲ್ಲುತ್ತಿತ್ತು, ಕಲ್ಲು ನಿಲ್ಲುತ್ತಿರಲಿಲ್ಲ.

ಗಿಟಾರಿನ ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಎಂದು ಶ್ರುತಿ ಮಾಡಿರುವುದಾಗಿ ಬರೆದಿದ್ದೀಯ. ಮೊರಾಕ್ಕೋದಲ್ಲಿ ಊದ್ ವಾದ್ಯವನ್ನು ಕೇಳಿಬಂದ ಡೇವಿ ಗ್ರಹಾಂ ಎಂಬ ಬ್ರಿಟಿಷ್ ಗಿಟಾರ್ ವಾದಕರು 1960ರ ದಶಕದ ಆರಂಭದಲ್ಲಿ ಇದನ್ನು ಬಳಕೆಗೆ ತಂದರೆಂದು ಓದಿ ತಿಳಿದುಕೊಂಡೆ. ಡಿ ಅನ್ನು ಷಡ್ಜವೆಂದುಕೊಂಡು ಹಾರ್ಮೋನಿಯಂ ಮೇಲೆ ಬೆರಳಿಟ್ಟು ನೋಡಿದರೆ ಅದು ಸ-ಪ-ಸ-ಮ-ಪ-ಸ. 'ಗ', ಅಂದರೆ ಗಾಂಧಾರವೇ ಇಲ್ಲ! ಭಜನೆ ಮಂಡಳಿಯ ಹಾರ್ಮೋನಿಯಂನಲ್ಲಿ ಗಾಂಧಾರಕ್ಕೆ ಎರಡು ಮನೆಗಳುಂಟು, ಒಂದು ಬಿಳಿ, ಒಂದು ಕಪ್ಪು. ಅಜ್ಜಿಯ ಗಾಂಧಾರ ಎರಡರಲ್ಲಿಯೂ ಕೂರದೆ ನಡುವೆ ಎಲ್ಲಿಯೋ ತೂಗುತ್ತದೆ. ಅದು ಕೂರಲೆಂದೇ ತೆರವು ಮಾಡಿಟ್ಟ ಹಾಗಿದೆ ನಿನ್ನ ಗಿಟಾರ್. ಆದುದರಿಂದ ಕೊನೆಯ ಮಿಕ್ಸಿಂಗಿನಲ್ಲಿ ಯಾರಾದರೂ ಆ ಸ್ವರವನ್ನು ಕಂಪ್ಯೂಟರಿನಿಂದ ನೆಟ್ಟಗೆ ಮಾಡಲು ಹೊರಟರೆ ದಯವಿಟ್ಟು ಒಪ್ಪಿಕೊಳ್ಳಬೇಡ. ಎರಡನೆಯ ಚರಣದ ತಮಟೆಯನ್ನು ಬೇಕಾದರೆ ತೆಗೆದುಹಾಕು. ಬೀಸುವ ಪದದ ನಡುವೆ ಅದು ಜಾತ್ರೆಯಿಂದ ದಾರಿತಪ್ಪಿ ಬಂದಂತೆ ಕೇಳಿಸುತ್ತದೆ.

ಇನ್ನು ನಿನ್ನ ಟಿಪ್ಪಣಿಯ ವಿಷಯ. ಬಾಬ್ ಡಿಲನ್, ನಿಕ್ ಡ್ರೇಕ್, ರಘು ದೀಕ್ಷಿತ್ ಈ ಗಾಯಕರೆಲ್ಲರ ಹೆಸರುಗಳನ್ನು ಬರೆದು, ಅವರವರಿಂದ ಏನೇನು ಕಲಿತೆವೆಂದು ಪ್ರಾಮಾಣಿಕವಾಗಿ ಹೇಳಿದ್ದೀಯ. ಕೊನೆಯಲ್ಲಿ 'ಮೂಲ ಧಾಟಿ: ಸಾಂಪ್ರದಾಯಿಕ' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ರಘು ದೀಕ್ಷಿತರು ಗಿಟಾರ್ ಹಿಡಿದು ಶಿಶುನಾಳ ಶರೀಫರ ತತ್ತ್ವಪದಗಳನ್ನು ಹಾಡುವಾಗ ಶರೀಫರ ಹೆಸರು ಕಳೆದುಹೋಗುವ ಭಯವಿಲ್ಲ, ಏಕೆಂದರೆ ಪದದೊಳಗೇ ಶಿಶುನಾಳಧೀಶನ ಅಂಕಿತವಿರುತ್ತದೆ. ಬೀಸುವ ಹೆಂಗಸರು ಅಂಕಿತ ಹಾಕಲಿಲ್ಲ. ನಾವು 'ಸಾಂಪ್ರದಾಯಿಕ' ಎಂದು ಸಲೀಸಾಗಿ ಬರೆಯಲು ಅದೇ ಅನುಕೂಲವಾಯಿತು.

ಈ ಮಾತು ನಮ್ಮ ನಾಡಿಗಷ್ಟೇ ಸೇರಿದ್ದಲ್ಲವೆಂದು, ನೀನು ಬರೆದ ಹೆಸರುಗಳನ್ನೇ ಹಿಡಿದು ನಾಲ್ಕು ರಾತ್ರಿ ಓದುತ್ತಾ ಹೋದಾಗ ತಿಳಿಯಿತು. 'ಹೌಸ್ ಆಫ್ ದಿ ರೈಸಿಂಗ್ ಸನ್' ಎಂಬ ಹಳೆಯ ಹಾಡನ್ನು ಡಿಲನ್ ತಮ್ಮ 1962ರ ಮೊದಲ ಆಲ್ಬಮ್ಮಿನಲ್ಲಿ ಹಾಡಿದರು; ಅದರ ಸ್ವರಜೋಡಣೆಯನ್ನು ಗೆಳೆಯ ಡೇವ್ ವ್ಯಾನ್ ರಾಂಕ್ ಅವರಿಂದ ಕೇಳದೆಯೇ ತೆಗೆದುಕೊಂಡಿದ್ದರು. 1964ರಲ್ಲಿ ಇಂಗ್ಲೆಂಡಿನ ಅನಿಮಲ್ಸ್ ತಂಡ ಅದಕ್ಕೆ ವಿದ್ಯುತ್ ಗಿಟಾರನ್ನೂ ಆರ್ಗನ್ನನ್ನೂ ಸೇರಿಸಿ ಸಿಂಗಲ್ ಆಗಿ ಹೊರತಂದಿತು. ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಅದು ಮೊದಲ ಸ್ಥಾನಕ್ಕೇರಿತು, ಜನಪದ ಹಾಡನ್ನು ರಾಕ್ ಜೊತೆ ಬೆಸೆಯುವ ಫೋಕ್ ರಾಕ್ ಅಲ್ಲಿಂದಲೇ ಶುರುವಾಯಿತೆಂದು ಹೇಳುವವರೂ ಇದ್ದಾರೆ. ಆ ರೆಕಾರ್ಡಿನ ಮೇಲೆ ಅಚ್ಚಾದದ್ದು 'ಸಾಂಪ್ರದಾಯಿಕ' ಎಂಬ ಮಾತು, ಜೊತೆಗೆ ತಂಡದ ಐವರಲ್ಲಿ ಒಬ್ಬರಾದ ಆಲನ್ ಪ್ರೈಸ್ ಅವರ ಹೆಸರು. ಅದಕ್ಕೂ ಬಹಳ ಹಿಂದೆ, 1937ರಲ್ಲಿ, ಜನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಅಮೆರಿಕದ ಕೆಂಟಕಿಯ ಮಿಡಲ್ಸ್‌ಬರೋ ಎಂಬ ಊರಿನಲ್ಲಿ ಅದೇ ಹಾಡನ್ನು ಧ್ವನಿಮುದ್ರಿಸಿಕೊಂಡದ್ದು ಜಾರ್ಜಿಯಾ ಟರ್ನರ್ ಎಂಬ ಗಣಿಕಾರ್ಮಿಕನ ಮಗಳಿಂದ. ಆಗ ಅವಳಿಗೆ 16 ವರ್ಷ.

ಅಜ್ಜಿ ಆ ಪದವನ್ನು ಕಟ್ಟಿದವರಲ್ಲ, ಅವರೂ ತಮ್ಮ ತಾಯಿಯಿಂದ ಕೇಳಿ ಕಲಿತವರು ಎಂದು ನೀನು ಹೇಳಬಹುದು. ಒಪ್ಪುತ್ತೇನೆ; ಜಾರ್ಜಿಯಾ ಟರ್ನರ್ ಕೂಡ ಕಟ್ಟಿದವಳಲ್ಲ. ಆದರೆ ನೀನು ಕಲಿತದ್ದು ಸಂಪ್ರದಾಯದಿಂದಲ್ಲ, ಕಡೂರಿನ ಕಡೆಯಿಂದ ಈ ತೋಟಕ್ಕೆ ಕೆಲಸಕ್ಕೆ ಬಂದು ಲೈನ್ ಮನೆಯಲ್ಲಿಯೇ ಮುದುಕಿಯಾದ ಒಬ್ಬ ಹೆಂಗಸಿನಿಂದ, ಕಳೆದ ಕೊಯ್ಲಿನ ಕಾಲದಲ್ಲಿ ಅವರ ಜಗುಲಿಯ ಮೇಲೆ ಮೂರು ಸಂಜೆ ಕುಳಿತು. ಆ ತೂಗುವ ಗಾಂಧಾರ ಅವರದೇ ಗಂಟಲಿನದು.

ಹೆಸರು ಬರೆದು ಕಳುಹಿಸೋಣವೆಂದು ಹೊರಟವನಿಗೆ, ಎಲ್ಲರಂತೆ ನನಗೂ ಅವರು ಲೈನಿನ ಅಜ್ಜಿಯೆಂದಷ್ಟೇ ಬಾಯಿಗೆ ಬರುತ್ತದೆಂಬುದು ಹೊಳೆಯಿತು. ತೋಟದ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಸೇರಿದಂದಿನಿಂದ ಅವರ ಹಾಜರಿ ಹಾಕಿದವನು ನಾನೇ. ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದು ಹೆಸರನ್ನು ಒಂದು ಚೀಟಿಗೆ ಇಳಿಸಿಕೊಂಡು, ಹಾಡಿನ ಮೇಲೆ ಹಾಕಬಹುದೇ ಎಂದು ಕೇಳಲು ನಿನ್ನೆ ಅವರ ಮನೆಗೆ ಹೋಗಿ ಓದಿ ಹೇಳಿದೆ. ಹಾಕಲು ಅಡ್ಡಿಯಿಲ್ಲವೆಂದರು, ಆದರೆ ಅದು ತಮ್ಮ ಹೆಸರಲ್ಲವೆಂದು ನಕ್ಕರು. ಹಿಂದಿನ ರೈಟರ್ ಬರೆದದ್ದನ್ನೇ ನೋಡಿಕೊಂಡು ನಾನು ಇಷ್ಟು ವರ್ಷವೂ 'ಅಮ್ಮ' ಎಂದು ಮುಗಿಸುತ್ತಿದ್ದ ಕಡೆ ಅವರ ಊರಿನಲ್ಲಿ 'ಅವ್ವ' ಎನ್ನುತ್ತಾರಂತೆ. ಸಂಬಳ ಬಟವಾಡೆಗೆ ತೊಂದರೆಯಾಗದ ಕಾರಣ ಅವರು ಸುಮ್ಮನಿದ್ದರಂತೆ.

ಚೀಟಿಯನ್ನು ಹರಿದು, ಅವರು ಹೇಳಿದಂತೆಯೇ ಬರೆದ ಇನ್ನೊಂದನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅಚ್ಚಿಗೆ ಕೊಡುವ ಮುನ್ನ ಒಮ್ಮೆ ಫೋನಿನಲ್ಲಿ ನನಗೆ ಓದಿ ಹೇಳು.

ನಿನ್ನ
ಅಪ್ಪ