ತೋರಿಸದ ಅಲೆಚ್ ಹಿಮನದಿಯ ಹಣ ಮರಳಿಸುವಂತೆ ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ವಿದೇಶ ಪ್ರವಾಸ

ವಿಷಯ: ಕಾರ್ಯಕ್ರಮದಲ್ಲಿದ್ದ, ಅಲೆಚ್ ಹಿಮನದಿ ಕಾಣುವ ಯುಂಗ್‌ಫ್ರೌಯೋಖ್ ಭೇಟಿಯನ್ನು ಕೈಬಿಟ್ಟು, ಅದರ ಹಣವನ್ನೂ ಉಳಿಸಿಕೊಂಡಿರುವ ಬಗ್ಗೆ.

ಮಾನ್ಯರೇ,

ಸ್ವಿಟ್ಜರ್ಲೆಂಡಿನ ಒಂದು ಇಡೀ ದಿನವನ್ನು ಅಲೆಚ್ ಹಿಮನದಿಗೆ ಮೀಸಲಿಟ್ಟಿದ್ದೀರಿ ಎಂಬ ಒಂದೇ ಕಾರಣಕ್ಕೆ, ಕಡಿಮೆ ದರದ ಬೇರೆ ಪ್ರವಾಸಗಳನ್ನು ಬಿಟ್ಟು ನಾನೂ ನನ್ನ ಯಜಮಾನರೂ ನಿಮ್ಮಲ್ಲಿ ಹಣ ಕಟ್ಟಿದೆವು. ಆ ಹಿಮನದಿಯನ್ನು ನೀವು ನಮಗೆ ತೋರಿಸಲಿಲ್ಲ. ಊರಿಗೆ ಮರಳಿದ ಮೇಲೆ ಮಾಡಿದ ಕರೆಗಳಿಗೆಲ್ಲ ಮೇಲಿನವರಿಗೆ ತಿಳಿಸುತ್ತೇವೆ ಎಂಬ ಉತ್ತರವೇ ಬಂತು. ಕೊನೆಗೆ ಬಂದದ್ದು ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್. ಇನ್ನು ಫೋನಿನಲ್ಲಿ ಕೇಳಿ ಪ್ರಯೋಜನವಿಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

ಗ್ರಿಂಡೆಲ್‌ವಾಲ್ಡ್‌ನಿಂದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರು, ಅಲ್ಲಿಂದ ಸುರಂಗದ ರೈಲಿನಲ್ಲಿ 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್, ಅಲ್ಲಿನ ಸ್ಫಿಂಕ್ಸ್ ಕಟ್ಟಡದ ಮೇಲಿನಿಂದ ಹಿಮನದಿಯ ದರ್ಶನ ಎಂದು ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿದೆ. ನಮ್ಮನ್ನು ಕರೆದೊಯ್ದದ್ದು ಕೇಬಲ್ ಕಾರಿನ ಕೊನೆಯ ನಿಲ್ದಾಣವಾದ ಐಗರ್‌ಗ್ಲೆಚರ್‌ವರೆಗೆ ಮಾತ್ರ. ಅದು 2,320 ಮೀಟರ್ ಎತ್ತರದಲ್ಲಿ, ಪರ್ವತಸಾಲಿನ ಉತ್ತರ ಮಗ್ಗುಲಲ್ಲಿದೆ. ಅಲೆಚ್ ಹರಿಯುವುದು ದಕ್ಷಿಣ ಮಗ್ಗುಲಲ್ಲಿ, ಮತ್ತು ನಡುವೆ ಯುಂಗ್‌ಫ್ರೌ, ಮೋಂಖ್‌ಗಳಂಥ ಶಿಖರಗಳು ಅಡ್ಡ ನಿಂತಿವೆ. ಆ ನಿಲ್ದಾಣದಿಂದ ಕಾಣುವ ಹಿಮನದಿ ಬೇರೆ, ಬಹಳ ಚಿಕ್ಕದು.

ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಆಲ್ಪ್ಸ್‌ನ ಅತಿ ಉದ್ದದ ಈ ಹಿಮನದಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಅದರ ಮೇಲ್ಭಾಗದ ಕಾಂಕೋರ್ಡಿಯಾಪ್ಲಾಟ್ಸ್ ಎಂಬಲ್ಲಿ ಹಿಮಪ್ರವಾಹಗಳು ಕೂಡಿ, ಅವು ಹೊತ್ತು ತಂದ ಕಲ್ಲುಚೂರು ಮಂಜುಗಡ್ಡೆಯ ಮೇಲೆ ಕಪ್ಪು ಪಟ್ಟಿಗಳಾಗಿ ಸಾಗುವುದನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ ಕಲಿಸಿದ್ದೇನೆ. 1870ರಿಂದೀಚೆಗೆ ಹಿಮನದಿಯ ಮೂತಿ, ಅಂದರೆ ಕೆಳತುದಿ, ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ, ಈಗಲೂ ಕರಗುತ್ತಿದೆ. ಮುಂದೆ ಯಾವಾಗಲಾದರೂ ನೋಡಿದರಾಯಿತು ಎನ್ನುವ ವಸ್ತು ಅದಲ್ಲ, ನಮ್ಮ ವಯಸ್ಸೂ ಅಂಥದ್ದಲ್ಲ.

ಐಗರ್‌ಗ್ಲೆಚರ್‌ನಲ್ಲಿ ಇಳಿದಾಗ ಮೇಲಕ್ಕೆ ಹೋಗುವ ರೈಲು ಎದುರಿಗೇ ನಿಂತಿತ್ತು. ನಿಮ್ಮ ಟೂರ್ ಮ್ಯಾನೇಜರ್ ಎಲ್ಲರನ್ನೂ ಫೋಟೊಗೆ ನಿಲ್ಲಿಸುತ್ತಿದ್ದರು. ರೈಲು ಯಾವಾಗ ಹತ್ತಬೇಕೆಂದು ಕೇಳಿದೆ. “ಇದೇ ಗ್ಲೇಸಿಯರ್ ಮೇಡಂ, ನೋಡಿ, ಫೋಟೊ ತಗೊಳ್ಳಿ” ಎಂದರು. ಇದು ಅಲೆಚ್ ಅಲ್ಲ ಎಂದೆ. “ಐಸ್ ಎಲ್ಲ ಕಡೆ ಐಸೇ. ಮೇಲೆ ಪೂರ್ತಿ ಮೋಡ, ಹೋಗಿ ಏನ್ ನೋಡ್ತೀರಾ?” ಎಂದರು. ಅವರ ಬೆನ್ನ ಹಿಂದಿನ ಪರದೆಯಲ್ಲೇ ಯುಂಗ್‌ಫ್ರೌಯೋಖ್‌ನ ನೇರ ದೃಶ್ಯ ಬರುತ್ತಿತ್ತು. ಆಕಾಶ ತಿಳಿ ನೀಲಿಯಾಗಿತ್ತು. ಅದನ್ನು ಬೊಟ್ಟು ಮಾಡಿ ತೋರಿಸಿದೆ. ಅವರು ತಿರುಗಿಯೂ ನೋಡದೆ, ಗುಂಪಿನ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟಿ, “ಮೇಡಂಗೆ ಇಲ್ಲಿ ಕ್ಲಾಸ್ ತಗೋಬೇಕಂತೆ! ಶಾಪಿಂಗ್‌ಗೆ ಇಂಟರ್‌ಲಾಕೆನ್‌ಗೆ ಬರೋರು ಕೈ ಎತ್ತಿ, ಮೇಡಂ ಜೊತೆ ಮೇಲೆ ಹೋಗೋರು ಈ ಕಡೆ ಬನ್ನಿ” ಎಂದು ಕೂಗಿದರು. ಕೆಲವರು ನಕ್ಕರು, ಕೆಲವರು ತಲೆ ತಗ್ಗಿಸಿದರು. ನನ್ನ ಪಕ್ಕಕ್ಕೆ ಬಂದು ನಿಂತವರು ನನ್ನ ಯಜಮಾನರೊಬ್ಬರೇ. “ನೋಡಿದ್ರಾ? ನಿಮ್ ಖರ್ಚಲ್ಲಿ ಹೋಗಿ, ಆದ್ರೆ ಬಸ್ ಕಾಯಲ್ಲ” ಎಂದು ಮುಗಿಸಿದರು. ಹಣ ಕೊಟ್ಟು ಪಡೆದ ಹಕ್ಕನ್ನು ಕೇಳಿದ್ದಕ್ಕೆ, ಮಕ್ಕಳ ಮುಂದೆ ತಲೆ ಎತ್ತಿ ನಿಂತು ಬದುಕಿದ ನನ್ನನ್ನು ಪರದೇಶದ ನಿಲ್ದಾಣದಲ್ಲಿ ಹೀಗೆ ನಿಲ್ಲಿಸಿದರು. ಆ ಅವಮಾನ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಹವಾಮಾನದ ಮಾತು ಸುಳ್ಳೆಂಬುದಕ್ಕೆ ಪರದೆಗಿಂತ ದೊಡ್ಡ ಸಾಕ್ಷಿ ನನ್ನಲ್ಲಿದೆ. ಗ್ರಿಂಡೆಲ್‌ವಾಲ್ಡ್‌ನ ಗೇಟಿನಲ್ಲಿ ಹಂಚಿದ ಟಿಕೆಟ್‌ಗಳನ್ನು ನಾವು ಒಳಗೆ ಹೋದ ಕೂಡಲೇ ಟೂರ್ ಮ್ಯಾನೇಜರ್ ವಾಪಸ್ ತೆಗೆದುಕೊಂಡರು, ಆದರೆ ಅಷ್ಟರಲ್ಲಿ ನನ್ನ ಯಜಮಾನರು ತಮ್ಮ ಟಿಕೆಟಿನ ಫೋಟೊ ತೆಗೆದಿದ್ದರು. ಅದರಲ್ಲಿ ಮುದ್ರಿತವಾಗಿರುವುದು ಐಗರ್‌ಗ್ಲೆಚರ್‌ವರೆಗಿನ ಪ್ರಯಾಣ ಮಾತ್ರ. ಅಂದರೆ ನಾವು ಬೆಟ್ಟ ಹತ್ತುವ ಮೊದಲೇ, ಮೋಡ ಬಿಸಿಲು ಯಾವುದನ್ನೂ ನೋಡದೆಯೇ, ನಮ್ಮನ್ನು ಮೇಲಕ್ಕೆ ಒಯ್ಯಬಾರದೆಂದು ತೀರ್ಮಾನವಾಗಿತ್ತು. ಬೇಸಿಗೆಯಲ್ಲಿ ಇಂಟರ್‌ಲಾಕೆನ್‌ನಿಂದ ಯುಂಗ್‌ಫ್ರೌಯೋಖ್‌ಗೆ ಹೋಗಿಬರುವ ಪೂರ್ಣ ದರ ಇನ್ನೂರು ಫ್ರಾಂಕಿಗಿಂತ ಹೆಚ್ಚು. ಗುಂಪಿನ ಪ್ರತಿಯೊಬ್ಬರಿಂದ ಪಡೆದ ಹಣದಲ್ಲಿ ಹೀಗೆ ಉಳಿದದ್ದು ಯಾರ ಕೈ ಸೇರಿತು ಎಂಬುದಕ್ಕೆ ನೀವು ಲೆಕ್ಕ ಕೊಡಬೇಕು.

ಕಾರ್ಯಕ್ರಮದಲ್ಲಿರುವ ಸ್ಥಳವನ್ನು ತೋರಿಸಲಾಗದಿದ್ದರೆ ಅದರ ಪ್ರವೇಶ ಮತ್ತು ಪ್ರಯಾಣ ಶುಲ್ಕವನ್ನು ಹಿಂದಿರುಗಿಸಬೇಕೆಂಬ ನಿಮ್ಮದೇ ಷರತ್ತನ್ನು ನಾನು ನಿಮಗೆ ಓದಿ ಹೇಳಬೇಕಾಗಿಲ್ಲ. ಆ ಪ್ರಕಾರ ನಮ್ಮಿಬ್ಬರ ಹಣವನ್ನು ಮರಳಿಸಿ, ಟೂರ್ ಮ್ಯಾನೇಜರ್ ಆಡಿದ ಮಾತಿಗೆ ಸಂಸ್ಥೆಯ ಹೆಸರಿನಲ್ಲಿ ಲಿಖಿತ ಕ್ಷಮೆ ಕೇಳಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಇದು ಆಗದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಗಾಗಿ ದೂರು ದಾಖಲಿಸುತ್ತೇನೆ. ನಿಮ್ಮ ಕಚೇರಿ ಬೆಂಗಳೂರಿನಲ್ಲಿದೆ ಎಂದು ನಾನು ಅಲ್ಲಿಗೆ ಅಲೆಯಬೇಕಾಗಿಲ್ಲ. ದೂರುದಾರರು ವಾಸಿಸುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ, ಆದ್ದರಿಂದ ಮೈಸೂರಿಗೆ ನೀವೇ ಬರಬೇಕಾಗುತ್ತದೆ. ಅಂದು ತಲೆ ತಗ್ಗಿಸಿದ್ದ ಸಹಪ್ರಯಾಣಿಕರಲ್ಲಿ ಹಲವರು ಟಿಕೆಟಿನ ಫೋಟೊ ನೋಡಿದ ಮೇಲೆ ತಾವೂ ದೂರು ಕೊಡುವುದಾಗಿ ಹೇಳಿದ್ದಾರೆ. ದಯವಿಟ್ಟು ಇನ್ನು ಮುಂದೆ ರಾಜಿಗೆಂದು ಫೋನ್ ಮಾಡಿಸಬೇಡಿ. ಉತ್ತರವೇನಿದ್ದರೂ ಸಂಸ್ಥೆಯ ಮೊಹರು, ಸಹಿಯೊಂದಿಗೆ ಕಾಗದದಲ್ಲೇ ಬರಲಿ. ಅದನ್ನೂ ಆಯೋಗದ ಮುಂದೆ ಇಡುತ್ತೇನೆ.

ಇಂತಿ,
ನಿಮ್ಮ ಯುರೋಪ್ ಪ್ರವಾಸದ ಗ್ರಾಹಕಿ,
ಮೈಸೂರು

ಲಗತ್ತು: ಕಾರ್ಯಕ್ರಮ ಪಟ್ಟಿ, ಹಣ ಪಾವತಿಯ ರಸೀದಿ, ಟಿಕೆಟಿನ ಫೋಟೊ