ಮಗಳಿಗೊಂದು ಪತ್ರ: ಆ ಫೈಲು ಅಲ್ಲೇ ಎಲ್ಲೋ ಇದೆ

ಪುಟ್ಟಿ,

ನೀನು ಅಳುತ್ತಾ ಫೋನಿಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅಷ್ಟು ದಿನ ಕೂತು ಮಾಡಿದ ಲೆಕ್ಕದ ಶೀಟು ಕಾಣ್ತಿಲ್ಲ, ನಾಳೆ ಮ್ಯಾನೇಜರ್‌ಗೆ ಕಳಿಸಬೇಕು. ನಾನು ಗದರಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಗಾಬರಿಗೆ ದನಿ ಏರಿತು.

ಒಂದು ಹೇಳು, ಆ ಫೈಲನ್ನು ಮೇಲ್‌ನಿಂದ ನೇರವಾಗಿ ತೆರೆದೆಯಾ? ನನಗೆ ಇರೋದು ಅದೊಂದೇ ಭಯ. ಔಟ್‌ಲುಕ್‌ನಲ್ಲಿ ಬಂದ ಅಟ್ಯಾಚ್‌ಮೆಂಟ್ ಕ್ಲಿಕ್ ಮಾಡಿದರೆ ಅದರ ಒಂದು ನಕಲು ತಾತ್ಕಾಲಿಕ ಫೋಲ್ಡರಿನಲ್ಲಿ ಕೂತು ತೆರೆದುಕೊಳ್ಳುತ್ತದೆ. ಆ ಫೋಲ್ಡರು ಸುಮ್ನೆ ಹುಡುಕಿದರೆ ಕಣ್ಣಿಗೆ ಬೀಳಲ್ಲ. ನಿನ್ನ ಕೆಲಸ ಅಲ್ಲೇ ಸೇವ್ ಆಗಿದ್ದರೆ ಯಾವಾಗ ಬೇಕಾದರೂ ಅಳಿಸಿಹೋಗಬಹುದು. ಅದಕ್ಕೇ, ಫೈಲು ಸಿಗೋವರೆಗೂ ಔಟ್‌ಲುಕ್ ಮುಚ್ಚಬೇಡ.

ಈಗ ಎಕ್ಸೆಲ್ ತೆರೆ. ಫೈಲ್, ಓಪನ್, ರೀಸೆಂಟ್. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಫೋಲ್ಡರಿನ ದಾರಿ ಇರುತ್ತದೆ, ಅದನ್ನು ಓದು. ಫೈಲು ತೆರೆದುಕೊಂಡರೆ ಎಫ್12 ಒತ್ತು. ಸೇವ್ ಆ್ಯಸ್ ಬರುತ್ತದೆ, ಫೈಲು ಯಾವ ಫೋಲ್ಡರಿನಲ್ಲಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅಲ್ಲಿ ಟೆಂಪ್ ಅಂತಲೋ ಕಂಟೆಂಟ್ ಔಟ್‌ಲುಕ್ ಅಂತಲೋ ಕಂಡರೆ ಒಂದು ಕ್ಷಣವೂ ತಡಮಾಡದೆ ನಿನ್ನ ಫೋಲ್ಡರಿಗೆ ಸೇವ್ ಮಾಡ್ಕೋ.

ಹೆಸರೇ ಮರೆತಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನ ಹುಡುಕು ಜಾಗದಲ್ಲಿ ನಕ್ಷತ್ರ, ಚುಕ್ಕಿ, ಎಕ್ಸ್‌ಎಲ್‌ಎಸ್‌ಎಕ್ಸ್ ಟೈಪ್ ಮಾಡಿ ತಾರೀಖಿನ ಪ್ರಕಾರ ಜೋಡಿಸು. ಒನ್‌ಡ್ರೈವ್ ನೋಡೋದು ಬಿಡಬೇಡ, ಡಾಕ್ಯುಮೆಂಟ್ಸ್ ಎಷ್ಟೋ ಸಲ ಅದರೊಳಗೇ ಇರುತ್ತದೆ. ಸೇವ್ ಮಾಡದೆಯೇ ಮುಚ್ಚಿದ್ದರೆ ಫೈಲ್, ಇನ್ಫೋ, ಮ್ಯಾನೇಜ್ ವರ್ಕ್‌ಬುಕ್, ಅಲ್ಲಿ ರಿಕವರ್ ಅನ್‌ಸೇವ್ಡ್ ವರ್ಕ್‌ಬುಕ್ಸ್ ಅಂತಿದೆ. ಸೆಟ್ಟಿಂಗ್ ಬದಲಿಸದಿದ್ದರೆ ಎಕ್ಸೆಲ್ 10 ನಿಮಿಷಕ್ಕೊಮ್ಮೆ ಆಟೋರಿಕವರ್ ಪ್ರತಿ ಇಟ್ಟುಕೊಳ್ಳುತ್ತದೆ, ಪೂರ್ತಿ ಅಲ್ಲದಿದ್ದರೂ ಜಾಸ್ತಿ ಭಾಗ ವಾಪಸ್ ಬರಬಹುದು.

ನಿನ್ನ ಫಾರ್ಮುಲಾಗಳನ್ನು ನಾನು ನೋಡಿದ್ದೀನಿ. ಅಷ್ಟು ಅಚ್ಚುಕಟ್ಟಾಗಿ ಕಟ್ಟುವವರು ಕಡಿಮೆ, ಇದು ನಿನ್ನ ಅಮ್ಮ ಅಂತ ಹೇಳ್ತಿರೋ ಮಾತಲ್ಲ. ಅಂಥ ಕೆಲಸಕ್ಕೆ ‘ಬುಕ್1’ ಅಂತ ಹೆಸರು ಇಡ್ತಾರಾ? ಶುರು ಮಾಡೋ ಮೊದಲೇ ಹೆಸರು ಕೊಡು, ಜಾಗ ಕೊಡು. ಮೇಲ್‌ನಲ್ಲಿ ಬಂದಿದ್ದನ್ನು ಮೊದಲು ಇಳಿಸಿಕೋ, ಆಮೇಲೆ ತೆರೆ. ಮತ್ತೆ ಅದೇ ಹೇಳ್ತಿದ್ದೀನಿ, ಗೊತ್ತು. ಆದರೂ ಮೇಲ್‌ನಿಂದ ನೇರವಾಗಿ ತೆರೆಯಬೇಡ ಕಣೇ.

ಸಿಕ್ಕಿದ ತಕ್ಷಣ ಮೆಸೇಜ್ ಹಾಕು. ಸಿಗದಿದ್ದರೂ ಹಾಕು, ಎಷ್ಟು ಹೊತ್ತಾದರೂ ಎದ್ದಿರ್ತೀನಿ.

ಅಮ್ಮ