ಅಗ್ನಿಶಾಮಕ ಠಾಣೆಯ ಹುಡುಗರಿಗಾಗಿ ಗೃಹ ಸಚಿವರಿಗೆ ಒಂದು ಪತ್ರ

ಮಾನ್ಯ ಗೃಹ ಸಚಿವರಿಗೆ,

ಮಡಿಕೇರಿ ಹತ್ತಿರದ ಒಂದು ಊರಿನಿಂದ ನಮಸ್ಕಾರ. ನಾನು ಅಗ್ನಿಶಾಮಕನಾಗಿ ಕೆಲಸ ಮಾಡಿ ನಿವೃತ್ತನಾದವನು. ನನಗಾಗಿ ಏನೂ ಕೇಳುತ್ತಿಲ್ಲ. ಈಗ ಠಾಣೆಯಲ್ಲಿ ಬೆಲ್ ಆದ ಕೂಡಲೇ ಗಾಡಿ ಹತ್ತುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಧೈರ್ಯ ಅಂದರೆ ಮೊದಲು ನೆನಪಾಗುವುದು ಸೇನೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು, ಅಲ್ವಾ? ನಮ್ಮಪ್ಪನೂ ಸೈನ್ಯದಲ್ಲಿದ್ದವರು. ನಾನು ಅಗ್ನಿಶಾಮಕಕ್ಕೆ ಸೇರುತ್ತೇನೆ ಅಂದಾಗ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳಿದರು, "ಅಲ್ಲಿ ಶತ್ರು ಯಾರು?" "ಶತ್ರು ಯಾರೂ ಇಲ್ಲಪ್ಪ, ಒಳಗೆ ಸಿಕ್ಕಿಕೊಂಡವರು ಇರ್ತಾರೆ" ಅಂದೆ. ಅವರು ಸುಮ್ಮನೆ ತಲೆ ಆಡಿಸಿದರು.

ನಾನು ಹುಟ್ಟಾ ಧೈರ್ಯವಂತ ಅಲ್ಲ. ತರಬೇತಿಯ ಮೊದಲ ವಾರ ಏಣಿಯ ಅರ್ಧದಲ್ಲಿ ಕಾಲು ನಡುಗಿ ನಿಂತುಬಿಟ್ಟಿದ್ದೆ. ದಿನಾ ಡ್ರಿಲ್ ಮಾಡಿಸಿದರು. ಹೊಗೆ ತುಂಬಿದ ಕೋಣೆಯಲ್ಲಿ ನೆಲಕ್ಕೆ ಬಗ್ಗಿ ತೆವಳಬೇಕು, ಯಾಕಂದರೆ ಬಿಸಿ ಹೊಗೆ ಮೇಲೆ ನಿಲ್ಲುತ್ತದೆ. ಕತ್ತಲಲ್ಲಿ ದಾರಿ ಹುಡುಕುವಾಗ ಅಂಗೈ ಚಾಚಬಾರದು, ಕೈಯ ಹಿಂಭಾಗದಿಂದ ಸವರಬೇಕು. ಅಂಗೈಗೆ ಕರೆಂಟಿನ ವೈರ್ ತಗುಲಿದರೆ ಬೆರಳು ತಾನಾಗಿ ಮಡಚಿ ವೈರನ್ನೇ ಹಿಡಿದುಬಿಡುತ್ತದೆ. ಆಮೇಲೆ ಬಿಡಬೇಕು ಅಂದರೂ ಬಿಡಲು ಆಗುವುದಿಲ್ಲ. ಇಂಥವನ್ನು ನೂರು ಸಲ ಮಾಡಿದ ಮೇಲೆ ಕಾಲು ನಡುಗಿದರೂ ಮುಂದೆ ಹೋಗುತ್ತದೆ. ನನಗೆ ಧೈರ್ಯ ಬಂದಿದ್ದು ಹೀಗೆ. ಒಮ್ಮೆ ತೋಟದ ಕಾರ್ಮಿಕರ ಲೈನ್ ಮನೆಗೆ ಬೆಂಕಿ ಬಿದ್ದಾಗ ಜಲವಾಹನ ಆ ಏರು ದಾರಿ ಹತ್ತಲೇ ಇಲ್ಲ. ಹೋಸ್ ಹೊತ್ತು ಓಡಿದೆವು. ಆ ದಿನ ಒಂದು ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಈ ಕೆಲಸಕ್ಕೇ ನಾನು ಹುಟ್ಟಿದ್ದು ಅಂತ ಅವತ್ತು ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ.

ಆದರೆ ಗುಡ್ಡದ ಮಣ್ಣಿನ ಕೆಲಸ ಬೇರೆ. 2018ರ ಆಗಸ್ಟ್ ನಿಮಗೂ ನೆನಪಿರಬಹುದು. ಜೋಡುಪಾಲ, ಮಕ್ಕಂದೂರು ಸುತ್ತ ಗುಡ್ಡಗಳು ಜಾರಿದವು. 2019ರಲ್ಲಿ ತೋರ ಗ್ರಾಮದ ಗುಡ್ಡ, 2020ರಲ್ಲಿ ತಲಕಾವೇರಿಯ ಬೆಟ್ಟ. ಮೂರು ವರ್ಷ ಸಾಲಾಗಿ ಆಗಸ್ಟ್ ತಿಂಗಳಲ್ಲೇ.

ಅವುಗಳಲ್ಲಿ ಒಂದು ಕಡೆ ನಾನೂ ಇದ್ದೆ. ಆ ಜಾಗದ ಹೆಸರು ಬರೆಯುವುದಿಲ್ಲ, ಆ ಮನೆಯವರು ಇನ್ನೂ ಇದ್ದಾರೆ. ಕೆಸರಿನ ಮೇಲೆ ಹಲಗೆ ಹಾಕಿಕೊಂಡು ನಡೆಯುತ್ತಿದ್ದೆವು. ಜೆಸಿಬಿ ಬಕೆಟ್ ಎತ್ತಿದಾಗಲೆಲ್ಲ ಎಲ್ಲರ ಕಣ್ಣು ಅದರ ಮೇಲೆಯೇ. ಒಬ್ಬ ವಿಸಿಲ್ ಹಿಡಿದು ಗುಡ್ಡವನ್ನೇ ನೋಡುತ್ತಾ ನಿಂತಿರುತ್ತಿದ್ದ. ಅವನು ಊದಿದರೆ ಎಲ್ಲ ಬಿಟ್ಟು ಓಡಬೇಕು. ದಿನಾ ಬೆಳಿಗ್ಗೆ ಒಬ್ಬ ತಾಯಿ ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ತರುತ್ತಿದ್ದರು. ಅವರ ಮಗ ಆ ಮಣ್ಣಿನ ಕೆಳಗಿದ್ದ. "ಕುಡೀರಿ ಮಕ್ಕಳೇ, ಚಳಿ ಜಾಸ್ತಿ" ಅನ್ನುತ್ತಿದ್ದರು. ಮಗನ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ.

ಒಂದು ದಿನ ಹುಡುಕಾಟ ನಿಲ್ಲಿಸಿ ಅಂತ ಆದೇಶ ಬಂತು. ಆದೇಶ ತಪ್ಪಲ್ಲ. ಮಳೆ ನಿಂತಿರಲಿಲ್ಲ, ಮೇಲಿನ ಮಣ್ಣು ಮತ್ತೆ ಬಿರುಕು ಬಿಟ್ಟಿತ್ತು, ಇನ್ನೂ ಅಗೆದಿದ್ದರೆ ನಮ್ಮಲ್ಲೇ ಯಾರೋ ಹೋಗುತ್ತಿದ್ದರು. ನನ್ನ ಕೈಯಲ್ಲಿ ಸಲಿಕೆ ಇತ್ತು. ಅದನ್ನು ಕೆಳಗಿಡಲು ಆಗಲಿಲ್ಲ. ಜೊತೆಯವನು ಒಂದೊಂದಾಗಿ ನನ್ನ ಬೆರಳು ಬಿಡಿಸಿದ. ಗಾಡಿ ಹತ್ತುವಾಗ ಆ ತಾಯಿ ಖಾಲಿ ಫ್ಲಾಸ್ಕ್ ಹಿಡಿದು ನಿಂತಿದ್ದರು.

ಮರುದಿನ ಡ್ಯೂಟಿ. ಮರ ಬಿದ್ದ ಕರೆ, ಹಸು ಬಾವಿಗೆ ಬಿದ್ದ ಕರೆ. "ನೀನು ಹೇಗಿದ್ದೀಯ?" ಅಂತ ಯಾರೂ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ, ಅದು ನನ್ನ ತಪ್ಪು. ಆಗಸ್ಟ್ ಮಳೆ ಹೆಂಚಿನ ಮೇಲೆ ಜೋರಾಗಿ ಬಿದ್ದರೆ ಈಗಲೂ ರಾತ್ರಿ ಎದ್ದು ಕೂರುತ್ತೇನೆ. ಹೆಂಡತಿಗೆ ಗೊತ್ತು, ದೀಪ ಹಾಕಿ ಪಕ್ಕದಲ್ಲಿ ಕೂರುತ್ತಾಳೆ.

ಸಾರ್, ಪ್ರತಿ ವರ್ಷ ಏಪ್ರಿಲ್ 14ರಂದು ಠಾಣೆಗಳಲ್ಲಿ ಮೌನ ಆಚರಿಸುತ್ತೇವೆ. 1944ರಲ್ಲಿ ಬಾಂಬೆ ಬಂದರಿನಲ್ಲಿ ಹಡಗು ಸಿಡಿದಾಗ ಸತ್ತ ಅಗ್ನಿಶಾಮಕರ ನೆನಪಿಗೆ. ಆಚರಿಸಲೇಬೇಕು. ಹಾಗೆಯೇ ಬದುಕಿ ವಾಪಸ್ ಬಂದವರನ್ನೂ ಒಮ್ಮೆ ಕೂರಿಸಿ ಮಾತಾಡಿಸಬೇಕು.

ನಾನು ಕೇಳುವುದು ದೊಡ್ಡದಲ್ಲ. ಸಾವು ನೋಡಿದ ಕರೆಯ ನಂತರ, ಒಂದು ವಾರದೊಳಗೆ, ಆ ಶಿಫ್ಟಿನವರೆಲ್ಲ ಒಟ್ಟಿಗೆ ಕೂರುವ ವ್ಯವಸ್ಥೆ ಆಗಲಿ. ಮನಸ್ಸಿನ ಕಷ್ಟ ಗೊತ್ತಿರುವ ಒಬ್ಬರು ಜೊತೆಗಿರಲಿ. ಮಡಿಕೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರೂ ಇದೆ, ಆದರೆ ನಮ್ಮ ಹುಡುಗರು ತಾವಾಗಿ ಅದಕ್ಕೆ ಫೋನ್ ಮಾಡುವುದಿಲ್ಲ. ಹೆದರಿದವನು ಅಂತ ಹೆಸರು ಬಂದೀತು ಅನ್ನುವ ಭಯ. ಅದಕ್ಕೇ ಇದು ಡ್ರಿಲ್ ಥರ ಎಲ್ಲರಿಗೂ ಇರಬೇಕು. ಅಲ್ಲಿ ಆಡಿದ ಮಾತು ಯಾವ ಫೈಲಿಗೂ ಹೋಗಬಾರದು, ಬಡ್ತಿಗೆ ಅಡ್ಡ ಬರಬಾರದು. ಮನೆಯವರಿಗೂ ಒಂದು ದಿನ ಇರಲಿ, ರಾತ್ರಿ ದೀಪ ಹಾಕುವವರು ಅವರೇ.

ಮೊದಲ ಸಲ ಕೂತಾಗ ಯಾರೂ ಬಾಯಿ ಬಿಡುವುದಿಲ್ಲ, ನನಗೆ ಗೊತ್ತು. ಕರೆಯಿರಿ, ನಾನು ಬರುತ್ತೇನೆ. ಆ ತಾಯಿಯ ಫ್ಲಾಸ್ಕಿನಿಂದ ಶುರು ಮಾಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಅಗ್ನಿಶಾಮಕ, ಕೊಡಗು